ಕೊಟ್ಟ ಮಾತು, ಬರೆದ ಕಾಗದ

ನಲವತ್ತು ವರ್ಷಗಳ ಕಾಲ ಗಾಂಧಿನಗರದ ವರ್ತಕರ ಹಾಗೂ ಚಲನಚಿತ್ರ ವಿತರಕರ ಲೆಕ್ಕಪತ್ರಗಳನ್ನು ನೋಡಿಕೊಂಡು ಬಂದ ನನಗೆ ಒಂದು ಸಂಗತಿ ಚೆನ್ನಾಗಿ ಮನದಟ್ಟಾಗಿದೆ. ಮನುಷ್ಯನು ಸುಳ್ಳು ಹೇಳಲು ಹಿಂಜರಿಯುವಷ್ಟು ಸುಳ್ಳು ಬರೆಯಲು ಹಿಂಜರಿಯುವುದಿಲ್ಲ. ಎದುರಿಗೆ ಕುಳಿತವರ ಕಣ್ಣು ನೋಡಿ ಅಸತ್ಯವನ್ನು ನುಡಿಯಲಾರದ ಸಾತ್ತ್ವಿಕರೂ ಮುದ್ರಿತ ನಮೂನೆಯ ಖಾಲಿ ಜಾಗವನ್ನು ತುಂಬುವಾಗ ಮನಸ್ಸನ್ನು ಸಡಿಲಗೊಳಿಸುತ್ತಾರೆ. ‘ಎಲ್ಲರೂ ಹೀಗೆಯೇ ಬರೆಯುತ್ತಾರೆ’ ಎಂಬ ಸಮಾಧಾನವೂ ಅವರಿಗೆ ಸುಲಭವಾಗಿ ದೊರೆಯುತ್ತದೆ. ಇಂದು ನಮ್ಮ ಸಮಾಜದ ಅನೇಕ ಮನೆಗಳಿಂದ ಮಕ್ಕಳ ಅರ್ಜಿಗಳು ಪರದೇಶದ ವಿದ್ಯಾಲಯಗಳಿಗೆ ಹೋಗುತ್ತಿರುವುದರಿಂದ, ಈ ವಿಷಯವನ್ನು ಕುರಿತು ನಮ್ಮ ಮನೆಯಲ್ಲಿ ಎರಡು ವರ್ಷ ನಡೆದ ಒಂದು ಪ್ರಸಂಗವನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಪ್ರಸಂಗವು ಗಾಲ್ಫ್ ಆಟಕ್ಕೆ ಸಂಬಂಧಿಸಿದ್ದು. ಇಂತಹ ಪತ್ರಿಕೆಯಲ್ಲಿ ಗಾಲ್ಫಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದು ಸಿರಿವಂತರ ಆಟ, ಕ್ಲಬ್ಬುಗಳ ಆಟ ಎಂಬ ಭಾವನೆ ನನ್ನಲ್ಲಿಯೂ ಬಹುಕಾಲ ಇತ್ತು. ನಮ್ಮ ಗಾಂಧಿನಗರದಿಂದ ರೇಸ್ ಕೋರ್ಸ್ ದಾಟಿ ಹೈಗ್ರೌಂಡ್ಸ್ ಕಡೆಗೆ ನಡೆದರೆ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹಸುರು ಬಯಲು ಕಾಣುತ್ತದೆ. 1876ರಲ್ಲಿ ಸ್ಥಾಪಿತವಾದ ಕ್ಲಬ್ ಅದು. ಅದರ ಬೇಲಿಯ ಪಕ್ಕದಲ್ಲಿ ದಶಕಗಳ ಕಾಲ ಓಡಾಡಿದರೂ ಒಳಗೆ ಏನು ನಡೆಯುತ್ತದೆಂಬ ಕುತೂಹಲ ನನಗೆ ಹುಟ್ಟಿರಲಿಲ್ಲ. ಚಿಕ್ಕಪೇಟೆಯಲ್ಲಿ ಬಟ್ಟೆಯ ಸಗಟು ವ್ಯಾಪಾರ ಮಾಡುವ ನನ್ನ ಮಗನಿಗೂ ಆ ಆಟದ ಗಂಧವಿರಲಿಲ್ಲ. ಮೊಮ್ಮಗಳು ಮಾತ್ರ ಹತ್ತನೆಯ ವಯಸ್ಸಿನಲ್ಲಿ ಸಹಪಾಠಿಯೊಬ್ಬಳ ಜೊತೆಗೆ ಅಭ್ಯಾಸದ ಮೈದಾನಕ್ಕೆ ಹೋಗಿ ಬಂದವಳು, ಆ ಬಳಿಕ ಬೇರೆ ಆಟವನ್ನು ಕೇಳಲಿಲ್ಲ.

ಆ ವರ್ಷಗಳಲ್ಲಿ ಬೆಂಗಳೂರಿನ ಮಕ್ಕಳಿಗೆ ಕಣ್ಣೆದುರಿಗೇ ಒಂದು ಆದರ್ಶವಿತ್ತು. 1998ರಲ್ಲಿ ಇದೇ ಊರಿನಲ್ಲಿ ಜನಿಸಿದ ಅದಿತಿ ಅಶೋಕ್ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಆಟ ಕಲಿತು, ಶಾಲಾ ವ್ಯಾಸಂಗವು ಮುಗಿಯುವ ಮುನ್ನವೇ, 2016ರ ಜನವರಿಯಲ್ಲಿ ವೃತ್ತಿಪರ ಆಟಗಾರ್ತಿಯಾದರು. ಅದೇ ವರ್ಷ ರಿಯೊ ಒಲಿಂಪಿಕ್ಸಿನಲ್ಲಿ ಆಡಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ರಿಯೊದಲ್ಲಿ ತಂದೆಯೂ ಟೋಕಿಯೊದಲ್ಲಿ ತಾಯಿಯೂ ಆಕೆಯ ಚೀಲವನ್ನು ಹೊತ್ತು ನಡೆದರೆಂಬುದು ನಮ್ಮ ಮನೆಯಲ್ಲಿ ಪದೇಪದೇ ಕೇಳಿಬಂದ ಕಥೆ. ಆದರೆ ಶಾಲೆಯಿಂದ ನೇರವಾಗಿ ವೃತ್ತಿಗೆ ಹಾರುವಷ್ಟು ಶಕ್ತಿ ಕೆಲವರಿಗೆ ಮಾತ್ರ ಇರುತ್ತದೆ. ಉಳಿದವರಿಗೆ ಇನ್ನೊಂದು ದಾರಿಯುಂಟು. ಚಂಡೀಗಢದ ಜೀವ್ ಮಿಲ್ಖಾ ಸಿಂಗ್ ಟೆಕ್ಸಾಸ್ ರಾಜ್ಯದ ಅಬಿಲೀನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತ, 1993ರಲ್ಲಿ ಅಮೆರಿಕದ ಕಾಲೇಜು ಆಟಗಳ ಎರಡನೆಯ ವಿಭಾಗದಲ್ಲಿ ವೈಯಕ್ತಿಕ ಚಾಂಪಿಯನ್ ಆದದ್ದು ಆ ದಾರಿಯಿಂದ. ಓದು ಮತ್ತು ಆಟ ಜೊತೆಯಾಗಿ ಸಾಗುವ ಈ ದಾರಿಯನ್ನೇ ನಮ್ಮ ಹುಡುಗಿಯೂ ಆರಿಸಿಕೊಂಡಳು.

ಈ ದಾರಿಯ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ತಿಳಿಸುತ್ತೇನೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ಎನ್‌ಸಿಎಎ ಎಂಬ ಸಂಸ್ಥೆಯು ಮೂರು ವಿಭಾಗಗಳಲ್ಲಿ ನಡೆಸುತ್ತದೆ. ಮೊದಲ ಎರಡು ವಿಭಾಗಗಳ ಕಾಲೇಜುಗಳು ಆಟದ ಆಧಾರದ ಮೇಲೆ ವಿದ್ಯಾರ್ಥಿವೇತನ ಕೊಡಬಹುದು. ಮೂರನೆಯ ವಿಭಾಗದಲ್ಲಿ ಅದಕ್ಕೆ ಅವಕಾಶವಿಲ್ಲ. ಹಾರ್ವರ್ಡ್, ಯೇಲ್ ಮೊದಲಾದ ಐವಿ ಲೀಗಿನ ವಿದ್ಯಾಲಯಗಳು ಮೊದಲನೆಯ ವಿಭಾಗದಲ್ಲಿದ್ದರೂ ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡಿ ಸಹಾಯ ಮಾಡುತ್ತವೆಯೇ ಹೊರತು ಆಟಕ್ಕಾಗಿ ಹಣ ಕೊಡುವುದಿಲ್ಲ. ನಾವು ಈ ವಿಷಯಕ್ಕೆ ಕೈಹಾಕಿದಾಗ ಮೊದಲನೆಯ ವಿಭಾಗದ ಒಂದು ಮಹಿಳಾ ತಂಡಕ್ಕೆ 6, ಪುರುಷರ ತಂಡಕ್ಕೆ 4.5 ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯಿತ್ತು. ವಿದ್ಯಾಭ್ಯಾಸದಲ್ಲಿ ಲಿಂಗಭೇದವನ್ನು ನಿಷೇಧಿಸಿ 1972ರಲ್ಲಿ ಆ ದೇಶವು ಮಾಡಿದ ಕಾನೂನಿನ ಫಲವಾಗಿ ಹೆಣ್ಣುಮಕ್ಕಳಿಗೆ ಇಂತಹ ಅವಕಾಶಗಳು ಹೆಚ್ಚಿದವು. ಆ ಆರನ್ನು ಎಂಟೊಂಬತ್ತು ಮಂದಿ ಆಟಗಾರ್ತಿಯರ ನಡುವೆ ತರಬೇತುದಾರರು ಹಂಚುವುದರಿಂದ, ‘ವಿದ್ಯಾರ್ಥಿವೇತನ ಸಿಕ್ಕಿತು’ ಎಂಬ ಮಾತಿನ ಅರ್ಥವು ಬಹಳ ಸಲ ಅರ್ಧ ಶುಲ್ಕವೋ ಕಾಲು ಶುಲ್ಕವೋ ಆಗಿರುತ್ತದೆ. ಪೂರ್ಣವೆಂದು ತಿಳಿದು ಮನೆಯವರು ಸಂಭ್ರಮಿಸಿ, ಆಮೇಲೆ ಲೆಕ್ಕ ನೋಡಿ ಕಂಗಾಲಾಗುವುದುಂಟು.

ಮೊದಲನೆಯ ವಿಭಾಗದ ತರಬೇತುದಾರರು ಗಾಲ್ಫ್ ಆಡುವ ವಿದ್ಯಾರ್ಥಿಯೊಡನೆ ನೇರವಾಗಿ ಮಾತನಾಡಬಹುದಾದದ್ದು ಹತ್ತನೆಯ ತರಗತಿ ಮುಗಿದ ಬಳಿಕ ಬರುವ ಜೂನ್ 15ರಿಂದ. ಅದಕ್ಕೆ ಮೊದಲು ಮಕ್ಕಳು ಪತ್ರ ಬರೆಯಬಹುದು. ಆದರೆ ಅವರು ಒಂದು ಪ್ರಶ್ನಾವಳಿಯನ್ನೋ ಶಿಬಿರದ ವಿವರವನ್ನೋ ಕಳುಹಿಸಬಲ್ಲರಲ್ಲದೆ ಬೇರೆ ಉತ್ತರ ಕೊಡುವಂತಿಲ್ಲ. ಈ ನಿಯಮವನ್ನು ಅರಿಯದ ಮಕ್ಕಳು ಉತ್ತರ ಬಾರದಿರುವುದನ್ನು ತಿರಸ್ಕಾರವೆಂದು ತಿಳಿದು ಕುಗ್ಗುತ್ತಾರೆ. ಇನ್ನೊಂದು ಕಡೆ, ಅರ್ಹತೆಯನ್ನು ಪರಿಶೀಲಿಸುವ ಎನ್‌ಸಿಎಎ ಕೇಂದ್ರವು ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಅಂಕಪಟ್ಟಿಗಳನ್ನು ಕೇಳುತ್ತದೆ. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಷಯಗಳೇ ಮೊದಲಾದ 16 ಮುಖ್ಯ ಪಾಠಗಳನ್ನು ಎಣಿಸುತ್ತದೆ. ನಮ್ಮಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ತಿಜೋರಿಯಲ್ಲಿ ಇಡುತ್ತೇವೆ. ಒಂಬತ್ತನೆಯದನ್ನು ಹಳೆಯ ಪುಸ್ತಕಗಳ ಜೊತೆಗೆ ರದ್ದಿಗೆ ಹಾಕುತ್ತೇವೆ. ಪಾಲಕರು ಆ ಕಾಗದವನ್ನೂ ಜೋಪಾನವಾಗಿ ಇಟ್ಟುಕೊಳ್ಳಲಿ.

ಮಗನು ವ್ಯಾಪಾರದಲ್ಲಿ ಮುಳುಗಿದ್ದುದರಿಂದ ಈ ಕಾಗದಪತ್ರಗಳ ಕೆಲಸವು ನಿವೃತ್ತನಾದ ನನ್ನ ಪಾಲಿಗೆ ಬಂದಿತು. ಅವಳು ಆಡಿದ ಪಂದ್ಯಗಳ ಪಟ್ಟಿ, ಪ್ರತಿ ಸುತ್ತಿನ ಹೊಡೆತಗಳ ಸಂಖ್ಯೆ, ಮೈದಾನದ ಉದ್ದ, ಎಷ್ಟು ಮಂದಿಯಲ್ಲಿ ಎಷ್ಟನೆಯ ಸ್ಥಾನ, ಇವನ್ನೆಲ್ಲ ಒಂದು ಪುಟದಲ್ಲಿ ಜೋಡಿಸಿ, ಹೊಡೆತದ ವಿಡಿಯೊ ಸಮೇತ ತರಬೇತುದಾರರಿಗೆ ಕಳುಹಿಸಬೇಕಾಗಿತ್ತು. ಈ ಕಾರ್ಯಕ್ಕೆ ನೆರವಾಗಲೆಂದು ಮಗನು ಒಬ್ಬ ಸಲಹೆಗಾರನನ್ನು ಗೊತ್ತುಮಾಡಿದ. ಶುಲ್ಕ ಪಡೆದು ಇಂತಹ ಕೆಲಸ ಮಾಡಿಕೊಡುವವರು ಈಗ ಅನೇಕರಿದ್ದಾರೆ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆಂಬುದರಲ್ಲಿ ಸಂದೇಹವಿಲ್ಲ. ಈತನು ಪಟ್ಟಿಯನ್ನು ನೋಡಿ ಎರಡು ಸಲಹೆಗಳನ್ನು ಕೊಟ್ಟ.

ಮೊದಲನೆಯದು, ಒಂದು ಪಂದ್ಯದ ಮೊದಲ ಸುತ್ತಿನಲ್ಲಿ ಅವಳು ಆಡಿದ್ದ 84 ಹೊಡೆತಗಳ ಲೆಕ್ಕವನ್ನು ಕೈಬಿಟ್ಟು, ಎರಡನೆಯ ದಿನದ 73ನ್ನು ಮಾತ್ರ ತೋರಿಸುವುದು. ಎರಡನೆಯದು ನನಗೇ ಸಂಬಂಧಿಸಿದ್ದು. ಅಮೆರಿಕದ ವಿದ್ಯಾಲಯಗಳು ಸಮಾಜಸೇವೆಗೆ ಬೆಲೆ ಕೊಡುತ್ತವೆ; ತಾವು ದೇವಾಲಯದ ವಿಶ್ವಸ್ತರಾಗಿದ್ದೀರಿ; ಬಾಲಕಿಯು ನಿಮ್ಮ ಬಸದಿಯಲ್ಲಿ 200 ಗಂಟೆಗಳ ಸೇವೆ ಸಲ್ಲಿಸಿದ್ದಾಳೆಂದು ಮುದ್ರೆ ಹಾಕಿ ಒಂದು ಪ್ರಮಾಣಪತ್ರ ಬರೆದುಕೊಟ್ಟರೆ ಬಹಳ ಅನುಕೂಲ ಎಂದ. ಅವಳು ದಶಲಕ್ಷಣ ಪರ್ವದ ಸಮಯದಲ್ಲಿ ಮೂರು ದಿನ ಬಂದು ಯಾತ್ರಿಕರಿಗೆ ಊಟ ಬಡಿಸಿದ್ದಳು, ಅದು ನಿಜ. ಹೆಚ್ಚೆಂದರೆ ಹದಿನೈದು ಗಂಟೆ. ‘ಅಲ್ಲಿ ಯಾರು ಬಂದು ಎಣಿಸುತ್ತಾರೆ, ಸಾರ್?’ ಎಂಬುದು ಆತನ ವಾದ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿರುವುದು ಓದುಗರಿಗೆ ತಿಳಿದೇ ಇದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಒಂದು. ಎಂದರೆ ಸುಳ್ಳು ದಸ್ತಾವೇಜನ್ನು ಸೃಷ್ಟಿಸುವುದು. ಬಾಯಲ್ಲಿ ನುಡಿದ ಸುಳ್ಳಿನಿಂದ ಬರೆದ ಸುಳ್ಳನ್ನು ಬೇರ್ಪಡಿಸಿ ಹೆಸರಿಸಿದ್ದರ ಔಚಿತ್ಯವು ನನಗೆ ಆ ದಿನ ಹೊಸದಾಗಿ ಹೊಳೆಯಿತು. ನುಡಿದ ಮಾತು ಆಡಿದವನ ಜೊತೆಗೆ ಉಳಿಯುತ್ತದೆ. ಮುದ್ರೆಯೊತ್ತಿದ ಕಾಗದವು ದೇವಾಲಯದ ಹೆಸರನ್ನು ಹೊತ್ತು ಹೋಗುತ್ತದೆ; ಅದನ್ನು ನಂಬಿದ ಅಪರಿಚಿತನು ನಮ್ಮ ಮಗುವನ್ನಲ್ಲ, ನಮ್ಮ ಬಸದಿಯನ್ನು ನಂಬಿರುತ್ತಾನೆ. ನಿಜವಾಗಿ ವಾರವಾರವೂ ಸೇವೆಗೆ ಬರುವ ಬೇರೊಂದು ಮಗುವಿನ ಪ್ರಮಾಣಪತ್ರವೂ ನಮ್ಮ ಒಂದು ಸುಳ್ಳಿನಿಂದ ಬೆಲೆ ಕಳೆದುಕೊಳ್ಳುತ್ತದೆ. ಮೂರು ದಿನಗಳ ಸೇವೆಗೆ ಮೂರು ದಿನಗಳ ಪತ್ರವನ್ನೇ ಕೊಟ್ಟೆ. ಅದು ಅರ್ಜಿಗೆ ಉಪಯೋಗಕ್ಕೆ ಬರುವಷ್ಟು ದೊಡ್ಡದಲ್ಲವೆಂದು ಸಲಹೆಗಾರನು ಬದಿಗಿಟ್ಟ.

84 ಹೊಡೆತಗಳ ವಿಷಯದಲ್ಲಿ ತೀರ್ಮಾನ ಮಾಡಿದವಳು ಮೊಮ್ಮಗಳೇ. ಅವಳ ಕಾರಣ ಬಹಳ ಲೌಕಿಕವಾಗಿತ್ತು. ‘ತಾತ, ಪಂದ್ಯದ ಫಲಿತಾಂಶ ಎಲ್ಲರಿಗೂ ಕಾಣುವ ಹಾಗೆ ಇರುತ್ತೆ. ಬಚ್ಚಿಟ್ಟರೆ ಕೋಚ್ ಅದನ್ನೇ ಮೊದಲು ನೋಡ್ತಾರೆ’ ಎಂದಳು. ಸಿಕ್ಕಿಬೀಳುವ ಭಯದಿಂದ ಪಾಲಿಸಿದ ಸತ್ಯವು ಸತ್ಯವೇ ಎಂದು ಯಾರಾದರೂ ಕೇಳಬಹುದು. ಎಳೆಯ ವಯಸ್ಸಿನಲ್ಲಿ ಸತ್ಯದ ಮನೆಯನ್ನು ಹೊಕ್ಕುವ ಬಾಗಿಲು ಯಾವುದಾದರೇನು, ಒಳಗೆ ಬಂದು ಕುಳಿತರೆ ಸಾಕೆಂಬುದು ನನ್ನ ಅಭಿಪ್ರಾಯ. ಮುಂದೆ ಒಬ್ಬ ತರಬೇತುದಾರರು ಮೊದಲ ಮಾತುಕತೆಯಲ್ಲಿಯೇ ಆ 84ನ್ನು ಕುರಿತು ಪ್ರಶ್ನಿಸಿದರು. ಎರಡು ಕುಳಿಗಳಲ್ಲಿ ಮೂರು ಚೆಂಡುಗಳು ನೀರಿಗೆ ಬಿದ್ದುದನ್ನು ಹೇಳಿದಳು. ಅವರು ಅದನ್ನು ಬಿಟ್ಟು, ಮರುದಿನ 73 ಆಡಲು ಆ ರಾತ್ರಿ ಏನು ಮಾಡಿದೆ ಎಂದು ಕೇಳಿದರು. ಬಚ್ಚಿಟ್ಟಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ.

ಗಾಲ್ಫ್ ಆಟದ ಒಂದು ಲಕ್ಷಣವನ್ನು ಇಲ್ಲಿ ಹೇಳಲೇಬೇಕು. ಕ್ರಿಕೆಟ್ಟಿನಲ್ಲಿ ಇರುವಂತೆ ಪ್ರತಿ ಹೊಡೆತಕ್ಕೂ ತೀರ್ಪು ಹೇಳುವ ಅಂಪೈರ್ ಈ ಆಟದಲ್ಲಿ ಇಲ್ಲ. ಜೊತೆಗೆ ಆಡುವವರು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬರೆಯುತ್ತಾರೆ. ಕೊನೆಗೆ ಇಬ್ಬರೂ ಸಹಿ ಮಾಡುತ್ತಾರೆ. ಪೊದೆಯ ಮರೆಯಲ್ಲಿ ಚೆಂಡು ಒಂದು ಎಳೆಯಷ್ಟು ಅಲುಗಿದುದನ್ನು ಆಟಗಾರನು ಮಾತ್ರ ಕಂಡಿದ್ದರೆ, ದಂಡದ ಹೊಡೆತವನ್ನು ತನ್ನ ಮೇಲೆ ತಾನೇ ಹಾಕಿಕೊಳ್ಳಬೇಕು. 1925ರಲ್ಲಿ ಅಮೆರಿಕದ ಮುಕ್ತ ಚಾಂಪಿಯನ್‌ಷಿಪ್ಪಿನಲ್ಲಿ ಬಾಬಿ ಜೋನ್ಸ್ ಎಂಬ ಪ್ರಖ್ಯಾತ ಆಟಗಾರನು ಬೇರಾರೂ ಕಾಣದ ಇಂತಹ ಒಂದು ಚಲನೆಗಾಗಿ ತಾನೇ ದಂಡ ತೆತ್ತ. ಕೊನೆಗೆ ಲೆಕ್ಕ ಸಮವಾಗಿ, ಮರು ಆಟದಲ್ಲಿ ಸೋತ. ಆ ಒಂದು ಹೊಡೆತವಿಲ್ಲದಿದ್ದರೆ ಮರು ಆಟದ ಅಗತ್ಯವೇ ಇರಲಿಲ್ಲ. ಆಟವು ಮಕ್ಕಳಿಗೆ ಇಂತಹ ಶಿಸ್ತನ್ನು ಕಲಿಸುತ್ತಿರುವಾಗ, ಆ ಆಟದ ಹೆಸರಿನಲ್ಲಿಯೇ ಹಿರಿಯರಾದ ನಾವು ಸುಳ್ಳು ಅರ್ಜಿಗಳನ್ನು ಸಿದ್ಧಪಡಿಸುವುದು ಎಂತಹ ವಿಪರ್ಯಾಸ!

ಇವೆಲ್ಲ ಸಣ್ಣ ಪರೀಕ್ಷೆಗಳು. ದೊಡ್ಡದು ಮುಂದೆ ಬಂದಿತು. 2024ರ ಜನವರಿಯಲ್ಲಿ, ಅವಳು ಹನ್ನೊಂದನೆಯ ತರಗತಿಯಲ್ಲಿದ್ದಾಗ, ಅಮೆರಿಕದ ಮಧ್ಯಭಾಗದ ಒಂದು ಸಣ್ಣ ವಿಶ್ವವಿದ್ಯಾಲಯದ ತರಬೇತುದಾರರು ವಿಡಿಯೊ ಮಾತುಕತೆಯಲ್ಲಿ ಅರ್ಧ ವಿದ್ಯಾರ್ಥಿವೇತನದ ಸ್ಥಾನವನ್ನು ಕೊಡುವುದಾಗಿ ಹೇಳಿದರು. ಒಂದು ವಾರ ಯೋಚಿಸಲು ಸಮಯ ಕೊಟ್ಟರು. ಮನೆಯವರೆಲ್ಲ ಕೂಡಿ ಚರ್ಚಿಸಿದೆವು. ಏಳನೆಯ ದಿನ ಅವಳು ತಂದೆತಾಯಿಯ ಎದುರಿನಲ್ಲಿ ‘ಬರುತ್ತೇನೆ’ ಎಂದು ಮಾತು ಕೊಟ್ಟಳು. ಆ ತರಬೇತುದಾರರು ಸಂತೋಷಪಟ್ಟು, ಇದೇ ಸ್ಥಾನಕ್ಕೆ ತಾವು ಮಾತನಾಡುತ್ತಿದ್ದ ಇನ್ನಿಬ್ಬರು ಹುಡುಗಿಯರಿಗೆ ಇಲ್ಲವೆಂದು ತಿಳಿಸುವುದಾಗಿ ಹೇಳಿದರು.

ಏಪ್ರಿಲ್ ತಿಂಗಳಿನಲ್ಲಿ, ದಕ್ಷಿಣದ ಬೆಚ್ಚನೆಯ ರಾಜ್ಯವೊಂದರ ದೊಡ್ಡ ವಿಶ್ವವಿದ್ಯಾಲಯದಿಂದ ಕರೆ ಬಂದಿತು. ವರ್ಷವಿಡೀ ಆಡಬಹುದಾದ ಹವೆ, ಹೆಸರುವಾಸಿಯಾದ ತಂಡ, ಬಹುಪಾಲು ಪೂರ್ಣವೆನ್ನಬಹುದಾದ ವಿದ್ಯಾರ್ಥಿವೇತನ. ಬಾಯಿಮಾತಿನ ಒಪ್ಪಿಗೆಯು ಯಾರನ್ನೂ ಕಟ್ಟುವುದಿಲ್ಲವೆಂದು ಎನ್‌ಸಿಎಎ ನಿಯಮಗಳೇ ಸ್ಪಷ್ಟವಾಗಿ ಹೇಳುತ್ತವೆ. ವಿದ್ಯಾರ್ಥಿಯಾಗಲಿ ವಿದ್ಯಾಲಯವಾಗಲಿ ಯಾವ ಕ್ಷಣದಲ್ಲಾದರೂ ಹಿಂದೆ ಸರಿಯಬಹುದು. ಲಿಖಿತ ಒಪ್ಪಂದಕ್ಕೆ ಸಹಿ ಮಾಡುವ ಕಾಲವು ಹನ್ನೆರಡನೆಯ ತರಗತಿಯ ನವೆಂಬರಿಗೆ ಮೊದಲು ಬರುವುದಿಲ್ಲ. ನಿಯಮದ ದೃಷ್ಟಿಯಿಂದ ನಮ್ಮ ಹುಡುಗಿ ಸರ್ವಸ್ವತಂತ್ರಳಾಗಿದ್ದಳು.

ಆ ರಾತ್ರಿಯ ಚರ್ಚೆಯನ್ನು ನಾನು ಮರೆಯಲಾರೆ. ಮಗನ ಮಾತು ಹುರುಳಿಲ್ಲದ್ದಾಗಿರಲಿಲ್ಲ. ‘ಅಪ್ಪ, ನಿಮ್ಮ ಕಾಲದ ಚಿಕ್ಕಪೇಟೆಯಲ್ಲ ಅದು. ಆ ಕೋಚ್ ನಾಳೆ ಹೆಚ್ಚು ಸಂಬಳಕ್ಕೆ ಬೇರೆ ಕಡೆ ಹೋದರೆ ಅವರನ್ನು ಯಾರು ಕೇಳುತ್ತಾರೆ? ಆಡುವ ಮಕ್ಕಳೇ ವರ್ಷಕ್ಕೊಂದು ಕಾಲೇಜು ಬದಲಾಯಿಸುತ್ತಿದ್ದಾರೆ. ಇವಳೊಬ್ಬಳು ಮಾತಿಗೆ ಕಟ್ಟುಬಿದ್ದು ನಾಲ್ಕು ವರ್ಷ ಕಷ್ಟಪಡಬೇಕೇ?’ ಎಂದ. ಅದು ಸುಳ್ಳಲ್ಲ. ಓದಿನ ಅರ್ಹತೆಯುಳ್ಳ ಆಟಗಾರರು ಎಷ್ಟು ಸಲ ಬೇಕಾದರೂ ಕಾಲೇಜು ಬದಲಾಯಿಸಿ ಕೂಡಲೇ ಆಡಬಹುದೆಂದು ಎನ್‌ಸಿಎಎ ಅದೇ ತಿಂಗಳಿನಲ್ಲಿ ನಿಯಮವನ್ನು ಸಡಿಲಿಸಿತ್ತು. ಸೊಸೆಯು ಖರ್ಚಿನ ಲೆಕ್ಕವನ್ನು ಮುಂದಿಟ್ಟಳು. ಉಳಿದ ಅರ್ಧ ಶುಲ್ಕಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಬೇಕಾಗಿತ್ತು. ಕಿರಿಯ ಮಗನ ಓದು ಇನ್ನೂ ಮುಂದಿತ್ತು. ಮನೆಯಾಕೆಯ ಚಿಂತೆಯೇ ಬೇರೆ. ಸೂರ್ಯಾಸ್ತಕ್ಕೆ ಮೊದಲು ಊಟ, ಕಂದಮೂಲಗಳಿಲ್ಲದ ಅಡಿಗೆ ಎಲ್ಲಿ ದೊರೆತೀತೆಂಬುದು. ದೊಡ್ಡ ಊರಿನಲ್ಲಿ ನಮ್ಮವರ ಮನೆಗಳಾದರೂ ಇರುತ್ತವೆ ಎಂದಳು.

ನಾನು ನನ್ನ ಅಭಿಪ್ರಾಯವನ್ನು ಹೇಳದೆ ಸುಮ್ಮನಿದ್ದೆ. ಹಿರಿಯರು ಬಾಯಿಬಿಟ್ಟರೆ ಅದು ಆಜ್ಞೆಯಾಗುತ್ತದೆ. ತೀರ್ಮಾನದ ಭಾರವನ್ನು ಹೊರಬೇಕಾದವಳು ಅವಳು. ನಾನು ಅವಳನ್ನು ಕೇಳಿದ್ದು ಒಂದೇ. ‘ಮಗು, ನೀನು ಬರುತ್ತೇನೆಂದ ಮೇಲೆ ಅಲ್ಲಿ ಏನಾದರೂ ಬದಲಾಗಿದೆಯೇ?’

ಅವಳು ಬಹಳ ಹೊತ್ತು ಉತ್ತರಿಸಲಿಲ್ಲ. ಆಮೇಲೆ, ‘ಇನ್ನಿಬ್ಬರು ಹುಡುಗಿಯರಿಗೆ ಇಲ್ಲ ಅಂದಿದ್ದಾರೆ’ ಎಂದಳು. ಅವರು ಯಾರೋ, ಯಾವ ದೇಶದವರೋ ತಿಳಿಯದು. ಅವರ ಮನೆಯಲ್ಲಿಯೂ ಒಂದು ರಾತ್ರಿ ಇಂತಹ ಮೌನವಿದ್ದಿರಬೇಕು. ಅವಳ ಬಾಯಿಂದ ಹೊರಟ ಒಂದು ಶಬ್ದವು ಅವರ ಬಾಗಿಲನ್ನು ಮುಚ್ಚಿತ್ತು. ಅವಳು ಈಗ ಹಿಂದೆ ಸರಿದರೆ ಆ ಸ್ಥಾನ ಅವರಿಗೆ ಮರಳಿ ದೊರೆಯುವ ಭರವಸೆ ಇರಲಿಲ್ಲ. ಮೂರು ತಿಂಗಳಿನಲ್ಲಿ ಅವರು ಬೇರೆ ದಾರಿ ಹಿಡಿದಿರಬಹುದು. ನಿಯಮವು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆಯವರಿಗೆ ದಕ್ಕಬಹುದಾಗಿದ್ದ ವಸ್ತುವಿನ ಮೇಲೆ ಕೈಯಿಟ್ಟು, ಇನ್ನೂ ಉತ್ತಮವಾದದ್ದು ಸಿಗುವವರೆಗೆ ಮಾತ್ರ ಅದನ್ನು ಹಿಡಿದಿಟ್ಟುಕೊಳ್ಳುವುದು ಅಚೌರ್ಯದ ಮೇರೆಯೊಳಗೆ ಬರುತ್ತದೆಯೇ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಎದ್ದಿತು. ನಾನು ಕೇಳದೆಯೇ ಅವಳು ಅದೇ ಜಾಗವನ್ನು ಮುಟ್ಟಿದ್ದಳು.

ಮಗನು ಹೇಳಿದ ಚಿಕ್ಕಪೇಟೆಯ ವಿಷಯವನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಹಿಂದಿನ ವರ್ತಕರು ಬಾಯಿಮಾತಿನ ಮೇಲೆ ಸಾವಿರಾರು ರೂಪಾಯಿಗಳ ಸರಕನ್ನು ಕಳುಹಿಸುತ್ತಿದ್ದರೆಂಬುದು ನಿಜ. ಅವರ ಖಾತೆಗಳನ್ನು ನಾನೇ ಬರೆದಿದ್ದೇನೆ. ಆದರೆ ಅವರೆಲ್ಲ ಧರ್ಮರಾಯರಾಗಿದ್ದರೆಂದು ಹೇಳಲಾರೆ. ಒಂದೇ ಬೀದಿಯಲ್ಲಿ ಬೆಳಗಾದರೆ ಮುಖ ನೋಡಬೇಕಾದವರು ಅವರು. ಮಾತು ತಪ್ಪಿದವನಿಗೆ ಮರುದಿನ ಸರಕು ಹುಟ್ಟುತ್ತಿರಲಿಲ್ಲ. ಗಾಂಧಿನಗರದ ಚಿತ್ರವಿತರಕರಲ್ಲಿಯೂ ಮಾತಿನ ಮೇಲೆ ನಡೆದ ವ್ಯವಹಾರಗಳನ್ನು ಕಂಡಿದ್ದೇನೆ. ಚಿತ್ರ ಗೆದ್ದ ಮೇಲೆ ಮಾತು ಮರೆತವರನ್ನೂ ಕಂಡಿದ್ದೇನೆ. ಮುಖ ನೋಡಬೇಕಾದ ಬಲವಂತವಿದ್ದಲ್ಲಿ ಮಾತನ್ನು ಉಳಿಸಿಕೊಳ್ಳುವುದು ವ್ಯಾಪಾರದ ಜಾಣತನ. ಎಂಟು ಸಾವಿರ ಮೈಲಿಗಳ ಆಚೆ, ಇನ್ನೊಮ್ಮೆ ಎದುರಾಗದ ಮನುಷ್ಯನಿಗೆ, ಯಾವ ಕಾಗದವೂ ಇಲ್ಲದೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವಾಗ ಜಾಣತನವು ಕೆಲಸಕ್ಕೆ ಬಾರದು. ಅಲ್ಲಿ ಉಳಿಯುವುದು ವ್ರತವೊಂದೇ.

ಮೂರನೆಯ ದಿನ ಅವಳು ದೊಡ್ಡ ವಿಶ್ವವಿದ್ಯಾಲಯದ ತರಬೇತುದಾರರಿಗೆ ತಾನೇ ಉತ್ತರ ಬರೆದಳು. ಬೇರೆಡೆಗೆ ಮಾತು ಕೊಟ್ಟಿರುವೆನೆಂದೂ, ಕರೆದುದಕ್ಕೆ ಕೃತಜ್ಞಳೆಂದೂ ನಾಲ್ಕು ಸಾಲು. ಅವರಿಂದ ಎರಡು ಸಾಲಿನ ಶುಭಾಶಯ ಬಂದಿತು, ಅಷ್ಟೇ. ಮಗನು ನಾಲ್ಕು ದಿನ ಸರಿಯಾಗಿ ಮಾತನಾಡಲಿಲ್ಲ. ಅವನ ಬೇಸರವನ್ನು ನಾನು ದೂಷಿಸಲಾರೆ; ಸಾಲದ ಕಂತನ್ನು ಕಟ್ಟಬೇಕಾದವನು ಅವನು. ಐದನೆಯ ದಿನ ಅವನೇ ಬ್ಯಾಂಕಿಗೆ ಹೋಗಿ ಶಿಕ್ಷಣ ಸಾಲದ ಅರ್ಜಿ ತಂದ. ಮಗಳ ಮಾತಿಗೆ ತಂದೆಯು ಹಣ ತೆತ್ತದ್ದು ಎಂದು ಬರೆದರೆ ಅದು ಉತ್ಪ್ರೇಕ್ಷೆಯಲ್ಲ.

ಮುಂದಿನ ಸಂಗತಿಗಳು ಮಗನು ಹೇಳಿದ ಲೋಕಜ್ಞಾನವು ಎಷ್ಟು ಸರಿಯೆಂಬುದನ್ನೂ ತೋರಿಸಿದವು. ಆಟಗಾರರು ವಿದ್ಯಾಲಯಕ್ಕೆ ಬರೆದುಕೊಡುತ್ತಿದ್ದ, ಅನೇಕ ದಶಕಗಳಿಂದ ಚಾಲ್ತಿಯಲ್ಲಿದ್ದ ಮುಚ್ಚಳಿಕೆಯಂತಹ ಪತ್ರವನ್ನು ಎನ್‌ಸಿಎಎ 2024ರ ಅಕ್ಟೋಬರಿನಲ್ಲಿ ರದ್ದುಗೊಳಿಸಿತು. ಮರುತಿಂಗಳು ಅವಳು ಸಹಿ ಮಾಡಿದ್ದು ವಿದ್ಯಾರ್ಥಿವೇತನದ ಒಪ್ಪಂದಕ್ಕೆ ಮಾತ್ರ. ಅದರ ಪ್ರತಿಯೊಂದು ಸಾಲನ್ನೂ ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಎಷ್ಟು ವರ್ಷಕ್ಕೆ, ಎಷ್ಟು ಭಾಗ, ಗಾಯವಾದರೆ ಏನು, ತರಬೇತುದಾರರು ಬದಲಾದರೆ ಏನು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿಯೇ ತರಿಸಿಕೊಂಡೆವು. ಇದನ್ನು ಅಪನಂಬಿಕೆಯೆಂದು ಯಾರೂ ತಿಳಿಯಬಾರದು. 2025ರ ಮಾರ್ಚಿನಲ್ಲಿ, ಯಾರಿಗೆ ಮಾತು ಕೊಟ್ಟಿದ್ದಳೋ ಅದೇ ತರಬೇತುದಾರರು ಬೇರೆ ವಿದ್ಯಾಲಯಕ್ಕೆ ಹೊರಟುಹೋದರು. ಅದಾದ ಮೂರು ತಿಂಗಳಿಗೆ, 2025ರ ಜೂನ್ 6ರಂದು, ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯವು ಅಂಗೀಕರಿಸಿದ ಒಪ್ಪಂದದಿಂದ ವಿದ್ಯಾರ್ಥಿವೇತನಗಳ ಹಳೆಯ ಮಿತಿ ಹೋಗಿ, ಒಪ್ಪಂದಕ್ಕೆ ಸೇರಿದ ವಿದ್ಯಾಲಯಗಳಲ್ಲಿ ತಂಡದ ಗಾತ್ರಕ್ಕೆ ಮಿತಿ ಬಂದಿತು. ಗಾಲ್ಫಿಗೆ 9 ಮಂದಿ. ಅನೇಕ ಆಟಗಳಲ್ಲಿ ಈ ಮಿತಿಯ ನಿರೀಕ್ಷೆಯಿಂದಲೇ ಮಕ್ಕಳು ಸ್ಥಾನ ಕಳೆದುಕೊಂಡರು. ಅಂತಹವರಿಗೆ ರಕ್ಷಣೆ ಕಲ್ಪಿಸಿದ ಮೇಲೆಯೇ ನ್ಯಾಯಾಧೀಶರು ಒಪ್ಪಂದಕ್ಕೆ ಅಂಕಿತ ಹಾಕಿದರು. ನಮ್ಮ ಹುಡುಗಿಯ ತಂಡದಲ್ಲಿ ಎಂಟೇ ಮಂದಿ ಇದ್ದುದರಿಂದ ಆ ಬಿಸಿ ತಟ್ಟಲಿಲ್ಲ. ಹೊಸದಾಗಿ ಬಂದ ತರಬೇತುದಾರರು ಕಾಗದದಲ್ಲಿದ್ದುದನ್ನು ಹಾಗೆಯೇ ನಡೆಸಿಕೊಟ್ಟರು.

ಇದರಿಂದ ನಾನು ಕಲಿತದ್ದು ಇಷ್ಟು. ಮಾತು ಮನುಷ್ಯನನ್ನು ಕಟ್ಟುತ್ತದೆ. ಸಂಸ್ಥೆಯನ್ನು ಕಟ್ಟಲು ಕಾಗದ ಬೇಕು. ಎದುರಿನವರು ಮಾತು ತಪ್ಪಿಯಾರೆಂದು ನಾವು ಮೊದಲೇ ತಪ್ಪುವುದು ಧರ್ಮವಲ್ಲ. ನಾವು ಮಾತಿಗೆ ನಿಲ್ಲುವವರೆಂದು ಎದುರಿನವರ ಕಾಗದವನ್ನು ಓದದೆ ಸಹಿ ಹಾಕುವುದು ವಿವೇಕವೂ ಅಲ್ಲ. ಆ ಎರಡನೆಯ ವಿದ್ಯಾಲಯಕ್ಕೆ ಹೋಗಿದ್ದರೆ ಅವಳ ಆಟ ಇನ್ನೂ ಬೆಳೆಯುತ್ತಿತ್ತೋ ಏನೋ, ಅದನ್ನು ಹೇಳಬಲ್ಲವರಿಲ್ಲ. ಮಾತು ಉಳಿಸಿಕೊಂಡದ್ದಕ್ಕೆ ಲೋಕವು ಬಹುಮಾನ ಕೊಡುತ್ತದೆಂದು ಮಕ್ಕಳಿಗೆ ಆಸೆ ತೋರಿಸುವುದು ಇನ್ನೊಂದು ಬಗೆಯ ಅಸತ್ಯವಾದೀತು. ಅದಕ್ಕೆ ಬೆಲೆ ತೆರಬೇಕಾಗುತ್ತದೆ. ನಮ್ಮ ಮನೆ ಇಂದಿಗೂ ತಿಂಗಳಿಗೊಮ್ಮೆ ಬ್ಯಾಂಕಿಗೆ ತೆರುತ್ತಿದೆ.

ವೀಸಾ ಸಂದರ್ಶನದ ಹೊಸ ದಿನಾಂಕಗಳನ್ನು ಕೊಡುವುದನ್ನು 2025ರ ಮೇ ಕೊನೆಯಲ್ಲಿ ಕೆಲವು ವಾರ ನಿಲ್ಲಿಸಿದ್ದಾಗ ಮನೆಯಲ್ಲಿ ಆತಂಕವಾಯಿತು. ಜುಲೈಯಲ್ಲಿ ಚೆನ್ನೈಗೆ ಹೋಗಿ ಆ ಕಾರ್ಯವೂ ಮುಗಿಯಿತು. ಆಗಸ್ಟಿನಲ್ಲಿ ಅವಳು ಹೊರಟಳು. ತಂಡದೊಡನೆ ಪಂದ್ಯಗಳಿಗೆ ಹೋಗುವಾಗ ಎಲ್ಲರ ಊಟ ರಾತ್ರಿಯಾದ ಮೇಲೆ. ಅವಳು ಮಧ್ಯಾಹ್ನವೇ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡ ಅನ್ನ ಬೇಳೆಯನ್ನು ಬಸ್ಸಿನಲ್ಲಿ, ಹೊತ್ತು ಮುಳುಗುವ ಮೊದಲು ಉಣ್ಣುತ್ತಾಳೆ. ನಡೆಯದ ದಿನ ಹಣ್ಣು ಹಾಲಿನಲ್ಲಿ ಕಳೆಯುತ್ತಾಳೆ. ಎಲ್ಲ ದಿನವೂ ನಿಯಮ ಪಾಲಿಸಲು ಆಗುತ್ತಿಲ್ಲವೆಂದು ಅಜ್ಜಿಗೆ ಅವಳೇ ಫೋನಿನಲ್ಲಿ ಹೇಳಿದಳು. ಆಗದ ದಿನಗಳನ್ನು ಬಚ್ಚಿಡದೆ ಹೇಳಿದಳೆಂಬುದೇ ಆಕೆಗೆ ಸಮಾಧಾನವಾಯಿತು.

ಸಮಾಜ ಬಾಂಧವರಲ್ಲಿ, ವಿಶೇಷವಾಗಿ ದೇವಾಲಯಗಳ ವಿಶ್ವಸ್ತ ಮಂಡಳಿಗಳಲ್ಲಿ, ಎರಡು ವಿನಂತಿಗಳಿವೆ. ಆಟದಲ್ಲಿ ಮುಂದೆ ಬಂದ ಮಕ್ಕಳಿಗೆ ಸನ್ಮಾನ ಮಾಡುವಾಗ ನಿಧಿಯನ್ನು ಅರ್ಪಿಸುವ ಪದ್ಧತಿ ನಮ್ಮಲ್ಲಿದೆ. ಕಾಲೇಜು ಆಟಕ್ಕೆ ಹೋಗುವ ಮಗುವಿನ ಹವ್ಯಾಸಿ ಸ್ಥಾನಮಾನವನ್ನು ಎನ್‌ಸಿಎಎ ಪರಿಶೀಲಿಸುತ್ತದೆ. ಗಾಲ್ಫ್ ನಿಯಮಗಳು 2022ರಲ್ಲಿ ಸಡಿಲಗೊಂಡಿದ್ದರೂ ಹವ್ಯಾಸಿಯು ಪಡೆಯಬಹುದಾದ ಬಹುಮಾನಕ್ಕೆ 1,000 ಡಾಲರುಗಳ ಮಿತಿಯಿದೆ. ಆದ್ದರಿಂದ ಹಣವನ್ನು ಅರ್ಪಿಸುವ ಮೊದಲು ನಿಯಮವನ್ನು ವಿಚಾರಿಸುವುದು ಕ್ಷೇಮ. ನಮ್ಮ ಮಂಡಳಿಯು ಅವಳಿಗೆ ಶಾಲು ಹಣ್ಣು ಕೊಟ್ಟು ಹರಸಿತು. ಸಂಗ್ರಹಿಸಿದ ಹಣ ವಿದ್ಯಾರ್ಥಿನಿಲಯದ ಪುಸ್ತಕಭಂಡಾರಕ್ಕೆ ಹೋಯಿತು.

ಎರಡನೆಯದು ಪ್ರಮಾಣಪತ್ರಗಳನ್ನು ಕುರಿತದ್ದು. ಮಕ್ಕಳ ಸೇವೆಗೆ ಪತ್ರ ಕೇಳಿಕೊಂಡು ಬರುವ ಪಾಲಕರು ಮುಂದಿನ ವರ್ಷಗಳಲ್ಲಿ ಹೆಚ್ಚಲಿದ್ದಾರೆ. ಪರಿಚಯದವರಿಗೆ ಇಲ್ಲವೆನ್ನುವುದು ಕಷ್ಟ. ನನಗೂ ಮನೆಯ ಮಗುವಿಗೆ ಇಲ್ಲವೆನ್ನುವುದು ಸುಲಭವಾಗಿರಲಿಲ್ಲ. ಆದುದರಿಂದ ನಮ್ಮ ಬಸದಿಯ ಕಚೇರಿಯಲ್ಲಿ ಈಗ ಒಂದು ಹಾಜರಿ ಪುಸ್ತಕವನ್ನು ಇಟ್ಟಿದ್ದೇವೆ. ಸೇವೆಗೆ ಬಂದ ಮಗು ಬಂದ ಹೊತ್ತನ್ನೂ ಹೋಗುವ ಹೊತ್ತನ್ನೂ ತಾನೇ ಬರೆದು ಸಹಿ ಮಾಡುತ್ತದೆ. ಜೊತೆಗಿದ್ದ ಇನ್ನೊಂದು ಮಗು ಅದರ ಪಕ್ಕದಲ್ಲಿ ಸಹಿ ಮಾಡುತ್ತದೆ. ಪತ್ರ ಕೇಳಿದವರಿಗೆ ಆ ಪುಸ್ತಕದಲ್ಲಿ ಇರುವಷ್ಟನ್ನೇ ಬರೆದುಕೊಡುತ್ತೇವೆ. ಇದನ್ನು ಆರಂಭಿಸಿದ ಮೊದಲ ತಿಂಗಳಿನಲ್ಲಿ ಹುಡುಗನೊಬ್ಬನು ತಾನು ಬರೆದ ಎರಡು ಗಂಟೆಯನ್ನು ಹೊಡೆದು ಹಾಕಿ ಒಂದೂವರೆ ಎಂದು ತಿದ್ದಿ, ಪಕ್ಕದಲ್ಲಿ ಮತ್ತೆ ಸಹಿ ಮಾಡಿದ್ದನ್ನು ಕಂಡೆ. ಅವನಿಗೆ ಯಾರೂ ಹೇಳಿರಲಿಲ್ಲ.